ಬೆಟ್ಟದ ಕಾಡಿನಲ್ಲಿ ಕುಟುಂಬದೊಂದಿಗೆ ಒಂದು ದಿನದ ಚಾರಣ: ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಿಗೆ ಬರುವ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಬೆಟ್ಟಗಳಿಗೆ ದೇವರ ದರ್ಶನಕ್ಕಾಗಿ ಹಾಗೂ ವಿಹಾರಕ್ಕಾಗಿ ಪ್ರತಿವರ್ಷ ಅಸಂಖ್ಯಾತ ಕುಟುಂಬಗಳು ಬರುತ್ತವೆ. ಇವರಲ್ಲಿ ಹಲವರು ದರ್ಶನದ ನಂತರ ಮಕ್ಕಳೊಂದಿಗೆ ಸ್ವಲ್ಪ ದೂರ ಕಾಡಿನಲ್ಲಿ ನಡೆದುಬರಲು ಇಚ್ಛಿಸುತ್ತಾರೆ. ಈ ಇಚ್ಛೆ ಸಹಜವಾದುದು. ಆದರೆ ಇಲ್ಲಿನ ಕಾಡು ಆನೆ, ಹುಲಿ, ಚಿರತೆ, ಕರಡಿ ಮತ್ತು ಕಾಟಿಗಳು ವಾಸಿಸುವ ಸಂರಕ್ಷಿತ ಪ್ರದೇಶವಾಗಿದ್ದು, ಇಲ್ಲಿ ನಡೆಯಲು ಕಾನೂನಿನ ಅನುಮತಿಯೂ ಸೂಕ್ತ ಸಿದ್ಧತೆಯೂ ಅವಶ್ಯಕವಾಗಿವೆ.

ಚಾರಣಕ್ಕೆ ಅನುಮತಿ ಪಡೆಯುವ ವಿಧಾನ, ದಿನದ ಯೋಜನೆ, ಕಾಡಿನಲ್ಲಿ ಪಾಲಿಸಬೇಕಾದ ನಡವಳಿಕೆ ಮತ್ತು ತುರ್ತು ಸಂದರ್ಭದಲ್ಲಿ ಕೈಗೊಳ್ಳಬೇಕಾದ ಕ್ರಮಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಮುಖ್ಯವಾಗಿ ಎರಡು ವಿಷಯಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು, ಸಾರ್ವಜನಿಕ ರಸ್ತೆಯನ್ನು ಬಿಟ್ಟು ಕಾಡಿನೊಳಗೆ ಇಡುವ ಮೊದಲ ಹೆಜ್ಜೆಗೇ ಅನುಮತಿ ಬೇಕು. ಎರಡನೆಯದು, ಕುಟುಂಬದಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರ ವೇಗವೇ ಇಡೀ ಕುಟುಂಬದ ವೇಗ. ಅದಕ್ಕೆ ತಕ್ಕಂತೆ ಹಿಂದಿರುಗುವ ಸಮಯವನ್ನು ಮೊದಲೇ ನಿಗದಿಪಡಿಸಿಕೊಳ್ಳಬೇಕು.

ಅರಣ್ಯ ಪ್ರದೇಶದ ಪರಿಚಯ

ಈ ಮೂರು ತಾಲ್ಲೂಕುಗಳ ಬೆಟ್ಟಸಾಲು ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳನ್ನು ಜೋಡಿಸುವ ಭಾಗದಲ್ಲಿದೆ. ಇಲ್ಲಿ ಮೂರು ಸಂರಕ್ಷಿತ ಪ್ರದೇಶಗಳಿವೆ.

1. ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶ. 1974ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಪ್ರದೇಶವನ್ನು 1987ರಲ್ಲಿ ವಿಸ್ತರಿಸಲಾಯಿತು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಅಧಿಸೂಚಿಸಲಾಯಿತು. ಇದರ ವಿಸ್ತೀರ್ಣ 574.82 ಚದರ ಕಿ.ಮೀ.

2. ಮಲೆ ಮಹದೇಶ್ವರ ವನ್ಯಜೀವಿಧಾಮ. 2013ರ ಮೇ ತಿಂಗಳಿನಲ್ಲಿ ಘೋಷಿತವಾಯಿತು. ವಿಸ್ತೀರ್ಣ 906.187 ಚದರ ಕಿ.ಮೀ.

3. ಕಾವೇರಿ ವನ್ಯಜೀವಿಧಾಮ. 1987ರಲ್ಲಿ ಘೋಷಿತವಾಗಿ ನಂತರ ವಿಸ್ತರಣೆಗೊಂಡಿದೆ. ಕಾವೇರಿ ನದಿಯ ಎರಡೂ ದಂಡೆಗಳ ಕಾಡುಗಳು ಇದರಲ್ಲಿ ಸೇರಿವೆ.

ಈ ಕಾಡುಗಳು ಒಂದಕ್ಕೊಂದು ಹೊಂದಿಕೊಂಡಿದ್ದು, ದಕ್ಷಿಣದಲ್ಲಿ ತಮಿಳುನಾಡಿನ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದವರೆಗೂ ಹಬ್ಬಿವೆ. ಬಿಳಿಗಿರಿ ಬೆಟ್ಟದ ಕಡೆಯಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಆನೆಗಳು ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ಪಥದ ಮೂಲಕ ಸಂಚರಿಸುತ್ತವೆ. ಆದ್ದರಿಂದ ಬೆಟ್ಟದ ಮೇಲಷ್ಟೇ ಅಲ್ಲದೆ, ಹೊಲಗದ್ದೆಗಳ ಅಂಚಿನ ರಸ್ತೆಗಳಲ್ಲಿಯೂ ಮುಂಜಾನೆ ಮತ್ತು ಸಂಜೆ ಆನೆಗಳು ಎದುರಾಗಬಹುದು.

ತಪ್ಪಲಿನಲ್ಲಿ ಕುರುಚಲು ಕಾಡು, ಮಧ್ಯದಲ್ಲಿ ಎಲೆ ಉದುರುವ ಕಾಡು, ಎತ್ತರದಲ್ಲಿ ಶೋಲಾ ಕಾಡು ಮತ್ತು ಹುಲ್ಲುಗಾವಲು ಇರುವುದು ಬಿಳಿಗಿರಿ ಬೆಟ್ಟದ ವೈಶಿಷ್ಟ್ಯ. ಇಲ್ಲಿನ ಅತ್ಯುನ್ನತ ಶಿಖರವಾದ ಕತ್ತರಿ ಬೆಟ್ಟವು ಸುಮಾರು 1,800 ಮೀಟರ್ ಎತ್ತರವಿದೆ. ಇತ್ತೀಚಿನ ದಶಕಗಳಲ್ಲಿ ಲಂಟಾನ ಗಿಡವು ಕಾಡಿನ ನೆಲವನ್ನು ವ್ಯಾಪಕವಾಗಿ ಆವರಿಸಿಕೊಂಡಿದೆ. ಆಳೆತ್ತರದ ಈ ಪೊದೆಗಳ ನಡುವಿನ ಹಾದಿಯಲ್ಲಿ ಹತ್ತು ಹೆಜ್ಜೆ ಮುಂದಿರುವ ಆನೆಯೂ ಕಾಣದಿರಬಹುದು. ಮಾರ್ಗದರ್ಶಿಯಿಲ್ಲದೆ ನಡೆಯಬಾರದೆಂಬ ನಿಯಮಕ್ಕೆ ಇದು ಪ್ರಮುಖ ಕಾರಣಗಳಲ್ಲೊಂದು.

ಅನುಮತಿ ಯಾವಾಗ ಬೇಕು, ಯಾವಾಗ ಬೇಡ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕರಣ 27ರಂತೆ, ವನ್ಯಜೀವಿಧಾಮವನ್ನು ಅನುಮತಿಯಿಲ್ಲದೆ ಪ್ರವೇಶಿಸುವುದನ್ನು ನಿರ್ಬಂಧಿಸಲಾಗಿದೆ. ಕರ್ತವ್ಯನಿರತ ಸರ್ಕಾರಿ ನೌಕರರು, ಒಳಗೆ ವಾಸಿಸಲು ಅನುಮತಿ ಪಡೆದವರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಇವರುಗಳ ಅವಲಂಬಿತರು ಹಾಗೂ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಮಾತ್ರ ಇದರಿಂದ ವಿನಾಯಿತಿ ಇದೆ.

ಇದರ ಅರ್ಥವನ್ನು ಸರಳವಾಗಿ ಹೀಗೆ ಹೇಳಬಹುದು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಅಥವಾ ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಬಸ್ಸಿನಲ್ಲಾಗಲೀ ಸ್ವಂತ ವಾಹನದಲ್ಲಾಗಲೀ ಹೋಗಿ ದರ್ಶನ ಪಡೆದು ಹಿಂದಿರುಗುವವರು ಚಾರಣದ ಅನುಮತಿ ಪಡೆಯಬೇಕಾಗಿಲ್ಲ. ತನಿಖಾ ಠಾಣೆಯ ಸಮಯ ಮತ್ತು ನಿಯಮಗಳನ್ನು ಪಾಲಿಸಿದರೆ ಸಾಕು. ಆದರೆ ಅದೇ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಊಟ ಮಾಡಲೆಂದೋ ಛಾಯಾಚಿತ್ರ ತೆಗೆಯಲೆಂದೋ ಕಾಡಿನೊಳಗೆ ಇಳಿದರೆ ಆ ವಿನಾಯಿತಿ ಅನ್ವಯವಾಗುವುದಿಲ್ಲ. ಹಾದುಹೋಗುವವರಿಗೆ ನೀಡಿದ ವಿನಾಯಿತಿಯು ರಸ್ತೆಗೆ ಮಾತ್ರ ಸೀಮಿತ.

ಪ್ರಕರಣ 28ರಂತೆ ಪ್ರವಾಸ, ಛಾಯಾಗ್ರಹಣ, ವನ್ಯಜೀವಿಗಳ ಅಧ್ಯಯನ, ವೈಜ್ಞಾನಿಕ ಸಂಶೋಧನೆ ಮತ್ತು ಒಳಗಿನ ನಿವಾಸಿಗಳೊಂದಿಗಿನ ಕಾನೂನುಬದ್ಧ ವ್ಯವಹಾರಗಳಿಗೆ ಷರತ್ತು ಮತ್ತು ಶುಲ್ಕದೊಂದಿಗೆ ಅನುಮತಿ ನೀಡಬಹುದಾಗಿದೆ. ಕುಟುಂಬದ ಚಾರಣವು ಪ್ರವಾಸದ ಉದ್ದೇಶದಡಿ ಬರುತ್ತದೆ.

ತಾಲ್ಲೂಕುವಾರು ವಿವರ

ಯಳಂದೂರು ತಾಲ್ಲೂಕು: ಬಿಳಿಗಿರಿರಂಗನ ಬೆಟ್ಟ

ಯಳಂದೂರು ಪಟ್ಟಣದಿಂದ ಗುಂಬಳ್ಳಿ ಮಾರ್ಗವಾಗಿ ಬೆಟ್ಟಕ್ಕೆ ಸುಮಾರು 24 ಕಿ.ಮೀ. ದೂರವಿದೆ. ಚಾಮರಾಜನಗರದಿಂದ ಬರುವವರಿಗೆ ಕ್ಯಾತದೇವರಗುಡಿ (ಕೆ.ಗುಡಿ) ಮಾರ್ಗವಿದೆ. ಶ್ರೀ ರಂಗನಾಥಸ್ವಾಮಿ ದೇವಾಲಯವು ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಎತ್ತರದಲ್ಲಿ ಬಂಡೆಯ ಅಂಚಿನಲ್ಲಿದೆ. ಸಣ್ಣ ಮಕ್ಕಳು ಮತ್ತು ವೃದ್ಧರಿರುವ ಕುಟುಂಬಗಳಿಗೆ ದೇವಾಲಯದ ಮೆಟ್ಟಿಲು ಹಾಗೂ ಆವರಣವೇ ಸೂಕ್ತ ನಡಿಗೆಯಾಗಿದೆ. ಇಲ್ಲಿಂದಲೇ ಕಣಿವೆಯ ಕಾಡು ವಿಸ್ತಾರವಾಗಿ ಕಾಣುತ್ತದೆ.

ದೊಡ್ಡ ಸಂಪಿಗೆ ಎಂದು ಪ್ರಸಿದ್ಧವಾದ ಬೃಹತ್ ಸಂಪಿಗೆ ಮರವು ಭಾರ್ಗವಿ ಹೊಳೆಯ ದಂಡೆಯಲ್ಲಿದೆ. ಇದು ಸೋಲಿಗ ಸಮುದಾಯದವರ ಪವಿತ್ರ ಸ್ಥಳ. ಈ ಸ್ಥಳವು ಹುಲಿ ಸಂರಕ್ಷಿತ ಪ್ರದೇಶದ ಒಳಭಾಗದಲ್ಲಿರುವುದರಿಂದ ಅನುಮತಿಯಿಲ್ಲದೆ ಹೋಗುವಂತಿಲ್ಲ. ವನ್ಯಪ್ರಾಣಿಗಳನ್ನು ನೋಡುವುದೇ ಮುಖ್ಯ ಉದ್ದೇಶವಾಗಿದ್ದಲ್ಲಿ, ಕುಟುಂಬಗಳಿಗೆ ನಡಿಗೆಗಿಂತ ವಾಹನದಲ್ಲಿ ಕರೆದೊಯ್ಯುವ ಸಫಾರಿಯೇ ಸುರಕ್ಷಿತ.

ಹನೂರು ತಾಲ್ಲೂಕು: ಮಲೆ ಮಹದೇಶ್ವರ ಬೆಟ್ಟ, ನಾಗಮಲೆ ಮತ್ತು ಗೋಪಿನಾಥಂ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ಮತ್ತು ತಾಳಬೆಟ್ಟದ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿ.ಮೀ. ಆಗುತ್ತದೆ. ಎಪ್ಪತ್ತೇಳು ಮಲೆಗಳ ಒಡೆಯನೆಂದು ಭಕ್ತರು ಕೊಂಡಾಡುವ ಮಹದೇಶ್ವರಸ್ವಾಮಿಯ ಕ್ಷೇತ್ರಕ್ಕೆ ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹೋಗುವ ಹರಕೆ ಇಂದಿಗೂ ಜೀವಂತವಾಗಿದೆ. ಹೀಗೆ ನಡೆಯುವ ಭಕ್ತರು ಹಗಲಿನಲ್ಲಿ ಮಾತ್ರ, ಗುಂಪಾಗಿ, ಅರಣ್ಯ ಮತ್ತು ಪೊಲೀಸ್ ಸಿಬ್ಬಂದಿಯ ಸೂಚನೆಯಂತೆ ನಡೆಯಬೇಕೆಂದು ಕೋರಲಾಗಿದೆ. ಒಬ್ಬೊಬ್ಬರೇ ಹಿಂದುಳಿಯುವುದು ಮತ್ತು ಒಳದಾರಿ ಹಿಡಿಯುವುದು ಅಪಾಯಕಾರಿ.

ನಾಗಮಲೆಯು ಬೆಟ್ಟದಿಂದ ಇಂಡಿಗನತ್ತದ ಕಡೆಗೆ ಸಾಗುವ ಕಾಡುಹಾದಿಯಲ್ಲಿದೆ. ಹೆಡೆಬಿಚ್ಚಿದ ನಾಗರನಂತೆ ಕಾಣುವ ಬಂಡೆಯ ಕೆಳಗೆ ಇಲ್ಲಿ ಲಿಂಗವಿದೆ. ಹಾದಿಯು ಏರಿಳಿತದಿಂದ ಕೂಡಿದ್ದು, ಬಿಸಿಲಿಗೆ ತೆರೆದುಕೊಂಡಿದೆ. ದೈಹಿಕವಾಗಿ ಸಮರ್ಥರಾದವರಿಗೂ ಇದು ಪೂರ್ಣ ದಿನದ ನಡಿಗೆ. ಕೈಹಿಡಿದು ನಡೆಸಬೇಕಾದ ಮಕ್ಕಳಿದ್ದಲ್ಲಿ ಈ ಮಾರ್ಗವನ್ನು ಆಯ್ದುಕೊಳ್ಳದಿರುವುದು ಒಳಿತು.

ಗೋಪಿನಾಥಂ ಮತ್ತು ಹೊಗೇನಕಲ್ ಕಡೆಯ ಕಾಡು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ವೀರಪ್ಪನ್ ಹಾವಳಿಯ ಕಾಲದಲ್ಲಿ ಈ ಭಾಗಕ್ಕೆ ಕುಟುಂಬ ಸಮೇತ ಬರುವುದು ಯೋಚಿಸಲೂ ಆಗದ ಮಾತಾಗಿತ್ತು. ಗೋಪಿನಾಥಂ ಜನರ ವಿಶ್ವಾಸ ಗಳಿಸಿದ್ದ ಅರಣ್ಯಾಧಿಕಾರಿ ಶ್ರೀ ಪಿ. ಶ್ರೀನಿವಾಸ್ ಅವರು 1991ರ ನವೆಂಬರ್ 10ರಂದು ಇದೇ ಕಾಡಿನಲ್ಲಿ ಹತ್ಯೆಗೊಳಗಾದರು. ಅವರಿಗೆ ಮರಣೋತ್ತರ ಕೀರ್ತಿ ಚಕ್ರ ನೀಡಿ ಗೌರವಿಸಲಾಗಿದೆ. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಹತನಾದ ನಂತರವಷ್ಟೇ ಇಲ್ಲಿ ಪರಿಸರ ಪ್ರವಾಸೋದ್ಯಮ ಕಾಲೂರಿತು. ಇಂದು ಈ ಕಾಡಿನಲ್ಲಿ ನೆಮ್ಮದಿಯಿಂದ ನಡೆಯುವುದರ ಹಿಂದೆ ಅನೇಕ ಸಿಬ್ಬಂದಿಯ ತ್ಯಾಗವಿದೆ ಎಂಬುದನ್ನು ಸಂದರ್ಶಕರು ಸ್ಮರಿಸಬೇಕು.

ಕೊಳ್ಳೇಗಾಲ ತಾಲ್ಲೂಕು: ಶಿವನಸಮುದ್ರದ ಭರಚುಕ್ಕಿ

ಬೆಟ್ಟದ ಚಾರಣ ಸಾಧ್ಯವಿಲ್ಲದ ಕುಟುಂಬಗಳಿಗೆ ಕೊಳ್ಳೇಗಾಲದ ಸಮೀಪದ ಭರಚುಕ್ಕಿ ಜಲಪಾತವು ಅರ್ಧ ದಿನದ ಭೇಟಿಗೆ ಸೂಕ್ತವಾಗಿದೆ. ಮುಂಗಾರಿನ ನಂತರ ಜಲಪಾತ ತುಂಬಿ ಹರಿಯುತ್ತದೆ. ವೀಕ್ಷಣೆಗೆಂದು ಗೊತ್ತುಪಡಿಸಿದ ಸ್ಥಳದಿಂದ ಮಾತ್ರ ನೋಡತಕ್ಕದ್ದು. ಮೇಲಿನ ಜಲಾಶಯಗಳಿಂದ ನೀರು ಬಿಟ್ಟಾಗ ನದಿಯ ಮಟ್ಟ ಹಠಾತ್ತನೆ ಏರುವುದರಿಂದ ಬಂಡೆಗಳ ಮೇಲೆ ಇಳಿಯುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ.

ಅರ್ಜಿ ಸಲ್ಲಿಸುವ ವಿಧಾನ

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಒಂದೇ ಬಾರಿಗೆ ಮಿತಿಮೀರಿದ ಜನ ಸೇರಿದ ಹಿನ್ನೆಲೆಯಲ್ಲಿ, ಆನ್‌ಲೈನ್ ಬುಕಿಂಗ್ ವ್ಯವಸ್ಥೆಯಿಲ್ಲದ ಚಾರಣ ಮಾರ್ಗಗಳನ್ನು ರಾಜ್ಯದಲ್ಲಿ ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿತ್ತು. ನಂತರ ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣವನ್ನು ಆರಂಭಿಸಿ, ಚಾರಣದ ಟಿಕೆಟ್‌ಗಳನ್ನು ಅದರ ಮೂಲಕ ನೀಡುವ ವ್ಯವಸ್ಥೆ ಮಾಡಲಾಯಿತು. ಅರ್ಜಿದಾರರು ಈ ಕೆಳಗಿನ ಕ್ರಮವನ್ನು ಅನುಸರಿಸುವುದು.

1. ತಾವು ಹೋಗಲಿಚ್ಛಿಸುವ ಮಾರ್ಗವು ಅಂದಿನ ದಿನಾಂಕಕ್ಕೆ ತೆರೆದಿದೆಯೇ ಎಂಬುದನ್ನು ಜಾಲತಾಣದಲ್ಲಿ ಪರಿಶೀಲಿಸಬೇಕು. ದಿನವೊಂದಕ್ಕೆ ಅನುಮತಿಸುವ ಚಾರಣಿಗರ ಸಂಖ್ಯೆಗೆ ಮಿತಿಯಿರುವುದರಿಂದ ವಾರಾಂತ್ಯದ ಭೇಟಿಗೆ ಮುಂಚಿತವಾಗಿ ಬುಕ್ ಮಾಡುವುದು ಸೂಕ್ತ.

2. ಮಕ್ಕಳನ್ನೂ ಒಳಗೊಂಡಂತೆ ಪ್ರತಿಯೊಬ್ಬ ಸದಸ್ಯರ ಹೆಸರು ಮತ್ತು ವಯಸ್ಸನ್ನು ಸರಿಯಾಗಿ ನಮೂದಿಸಬೇಕು. ಮಕ್ಕಳ ವಯಸ್ಸಿಗೆ ಸಂಬಂಧಿಸಿದ ಷರತ್ತುಗಳಿದ್ದಲ್ಲಿ ಶುಲ್ಕ ಪಾವತಿಗೆ ಮೊದಲೇ ಓದಿಕೊಳ್ಳಬೇಕು.

3. ಟಿಕೆಟ್‌ನ ಪ್ರತಿ ಹಾಗೂ ನಮೂದಿಸಿದ ಗುರುತಿನ ಚೀಟಿಯನ್ನು ಹೊರಡುವ ಸ್ಥಳದಲ್ಲಿ ಹಾಜರುಪಡಿಸಬೇಕು. ಬೆಟ್ಟಗಳಲ್ಲಿ ಮೊಬೈಲ್ ಸಂಪರ್ಕ ಸಿಗದಿರುವುದು ಸಾಮಾನ್ಯವಾದ್ದರಿಂದ ಮುದ್ರಿತ ಪ್ರತಿಯನ್ನು ತರುವುದು ಒಳ್ಳೆಯದು.

4. ಜಾಲತಾಣದಲ್ಲಿ ಇಲ್ಲದ ಸ್ಥಳಗಳ ಕುರಿತು ಸಂಬಂಧಪಟ್ಟ ವಿಭಾಗದ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಬೇಕು. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಕಚೇರಿ ಚಾಮರಾಜನಗರದಲ್ಲಿಯೂ, ಮಲೆ ಮಹದೇಶ್ವರ ವನ್ಯಜೀವಿ ವಿಭಾಗ ಮತ್ತು ಕಾವೇರಿ ವನ್ಯಜೀವಿ ವಿಭಾಗಗಳ ಕಚೇರಿಗಳು ಕೊಳ್ಳೇಗಾಲದಲ್ಲಿಯೂ ಇವೆ.

5. ಅನುಮತಿ ದೊರೆತ ನಂತರವೂ ಕಾಳ್ಗಿಚ್ಚು, ಭಾರೀ ಮಳೆ ಅಥವಾ ವನ್ಯಪ್ರಾಣಿಗಳ ಚಲನವಲನದ ಕಾರಣ ಚಾರಣವನ್ನು ರದ್ದುಪಡಿಸುವ ಸಾಧ್ಯತೆ ಇರುತ್ತದೆ. ಉದಾಹರಣೆಗೆ, ಹುಲಿ ದಾಳಿಗಳ ಹಿನ್ನೆಲೆಯಲ್ಲಿ 2025ರ ನವೆಂಬರ್‌ನಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿ ಹಾಗೂ ಚಾರಣವನ್ನು ಸ್ಥಗಿತಗೊಳಿಸಲಾಗಿತ್ತು. ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿಕೊಳ್ಳುವುದು ಕ್ಷೇಮ.

ಖಾಸಗಿ ವ್ಯಕ್ತಿಗಳು ತೋರಿಸುವ ‘ಹಿಂಬದಿಯ ದಾರಿ’ಗಳನ್ನು ಅವಲಂಬಿಸಬಾರದು. ಅಂತಹ ದಾರಿಯಲ್ಲಿ ಹೋದವರ ಹೆಸರು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಅವರು ಹಿಂದಿರುಗದಿದ್ದಲ್ಲಿ ಎಲ್ಲಿ ಹುಡುಕಬೇಕೆಂಬುದು ಸಿಬ್ಬಂದಿಗೆ ತಿಳಿಯುವುದಿಲ್ಲ.

ಸೂಕ್ತ ಕಾಲ

ಈ ಬೆಟ್ಟಗಳಿಗೆ ಮುಂಗಾರು ಮತ್ತು ಹಿಂಗಾರು ಎರಡೂ ಮಳೆಗಳಾಗುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಾಹ್ನದ ನಂತರ ಗುಡುಗು ಸಹಿತ ಮಳೆ ಸಾಮಾನ್ಯ. ಆಗ ಬಂಡೆಗಳು ಜಾರುತ್ತವೆ, ಹಳ್ಳಗಳು ದಿಢೀರನೆ ತುಂಬುತ್ತವೆ. ಮಳೆಗಾಲದಲ್ಲಿ ಎತ್ತರದ ತೇವದ ಕಾಡಿನಲ್ಲಿ ಜಿಗಣೆಗಳೂ ಇರುತ್ತವೆ. ಕುಟುಂಬದ ನಡಿಗೆಗೆ ನವೆಂಬರ್ ಕೊನೆಯಿಂದ ಜನವರಿಯವರೆಗಿನ ಅವಧಿ ಹಿತಕರ. ಆದರೆ ಈ ತಿಂಗಳುಗಳಲ್ಲಿ ಸಂಜೆ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಕಣಿವೆಯಲ್ಲಿ ಅದಕ್ಕೂ ಮೊದಲೇ ಕತ್ತಲಾವರಿಸುತ್ತದೆ.

ಫೆಬ್ರವರಿಯಿಂದ ಮುಂಗಾರುಪೂರ್ವ ಮಳೆಯವರೆಗೆ ಕಾಳ್ಗಿಚ್ಚಿನ ಕಾಲ. ಈ ಅವಧಿಯಲ್ಲಿ ಚಾರಣ ಮಾರ್ಗಗಳನ್ನು ಮುಚ್ಚುವುದು ವಾಡಿಕೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಮಂದಿ ಚಾರಣಿಗರು ಮೃತಪಟ್ಟರು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿಯು ಮನುಷ್ಯರ ಓಟಕ್ಕಿಂತ ವೇಗವಾಗಿ ಮೇಲೇರುತ್ತದೆ. ಆದ್ದರಿಂದ ಮಾರ್ಗ ಮುಚ್ಚಿದ್ದಾಗ ಪ್ರವೇಶಕ್ಕೆ ಒತ್ತಾಯಿಸಬಾರದೆಂದು ವಿನಂತಿಸಲಾಗಿದೆ.

ಶಿವರಾತ್ರಿ, ಯುಗಾದಿ, ದೀಪಾವಳಿ ಹಾಗೂ ಅಮಾವಾಸ್ಯೆಗಳಂದು ಮಲೆ ಮಹದೇಶ್ವರ ಬೆಟ್ಟದಲ್ಲಿ ಅಪಾರ ಜನಸಂದಣಿ ಇರುತ್ತದೆ. ಚಾರಣಕ್ಕಾಗಿಯೇ ಬರುವವರು ಈ ದಿನಗಳನ್ನು ಬಿಟ್ಟು ಬರುವುದು ಸೂಕ್ತ.

ದಿನದ ಯೋಜನೆ

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ನಾಲ್ಕು ಕಿ.ಮೀ. ನಡೆಯುವವರು ಬೆಟ್ಟದ ಏರಿನಲ್ಲಿ ಮಕ್ಕಳೊಂದಿಗೆ ಗಂಟೆಗೆ ಎರಡು ಕಿ.ಮೀ.ಗಿಂತ ಹೆಚ್ಚು ನಡೆಯಲಾರರು. ಒಂದು ಕಡೆಗೆ 5 ಕಿ.ಮೀ. ಇರುವ ಹಾದಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಲೆಕ್ಕ ಹೀಗಿರುತ್ತದೆ: ಏರಲು ಎರಡೂವರೆ ಗಂಟೆ, ಊಟ ಮತ್ತು ವಿಶ್ರಾಂತಿಗೆ ಒಂದೂವರೆ ಗಂಟೆ, ಇಳಿಯಲು ಎರಡು ಗಂಟೆ, ಒಟ್ಟು ಆರು ಗಂಟೆ. ಬೆಳಿಗ್ಗೆ 7ಕ್ಕೆ ಹೊರಟವರು ಮಧ್ಯಾಹ್ನ 1ಕ್ಕೆ ಹಿಂದಿರುಗುತ್ತಾರೆ. 11ಕ್ಕೆ ಹೊರಟವರು ಸಂಜೆ 5ಕ್ಕೆ ತಲುಪುತ್ತಾರೆ. ಎರಡನೆಯವರಲ್ಲಿ ಮಗುವೊಂದರ ಕಾಲು ಉಳುಕಿ ಒಂದು ಗಂಟೆ ತಡವಾದರೂ ಕತ್ತಲೆಯಲ್ಲಿ, ಆನೆಗಳು ನೀರಿಗಿಳಿಯುವ ಹೊತ್ತಿನಲ್ಲಿ ಕಾಡಿನೊಳಗೇ ಇರಬೇಕಾಗುತ್ತದೆ.

ಆದ್ದರಿಂದ ‘ಹಿಂದಿರುಗುವ ಗಂಟೆ’ಯನ್ನು ಹೊರಡುವ ಮೊದಲೇ ನಿರ್ಧರಿಸಬೇಕು. ಗುರಿ ತಲುಪಲಿ ಅಥವಾ ತಲುಪದಿರಲಿ, ಆ ಗಂಟೆಯಾದೊಡನೆ ಹಿಂದಿರುಗತಕ್ಕದ್ದು. ಶಿಖರವು ಕಣ್ಣಿಗೆ ಕಾಣುತ್ತಿರುವಾಗ ಹಿಂದಿರುಗುವುದು ಮಕ್ಕಳಿಗೆ ಬೇಸರ ತರಬಹುದು. ಈ ನಿಯಮವನ್ನು ಮನೆಯಲ್ಲಿಯೇ ಅವರಿಗೆ ತಿಳಿಸಿದ್ದರೆ ಹಾದಿಯಲ್ಲಿ ವಾದಕ್ಕೆ ಆಸ್ಪದವಿರುವುದಿಲ್ಲ.

ಜೊತೆಗೆ ತರಬೇಕಾದ ವಸ್ತುಗಳು

1. ಹಿರಿಯರಿಗೆ ತಲಾ ಮೂರು ಲೀಟರ್, ಮಕ್ಕಳಿಗೆ ತಲಾ ಎರಡು ಲೀಟರ್ ನೀರು, ಮರುಬಳಕೆಯ ಬಾಟಲಿಗಳಲ್ಲಿ. ಹಾದಿಯ ಹಳ್ಳಗಳ ನೀರನ್ನು ನೆಚ್ಚಬಾರದು.
2. ಮನೆಯಲ್ಲಿ ತಯಾರಿಸಿದ ಬುತ್ತಿ. ಬಾಳೆಹಣ್ಣು, ಹಲಸಿನ ಹಣ್ಣುಗಳಂತಹ ವಾಸನೆಯ ಹಣ್ಣುಗಳು ಕೋತಿ ಮತ್ತು ಆನೆಗಳನ್ನು ಸೆಳೆಯುವುದರಿಂದ ಅವುಗಳನ್ನು ತರದಿರುವುದು ಲೇಸು.
3. ಹಸಿರು, ಕಂದು, ಬೂದು ಬಣ್ಣದ ತುಂಬುತೋಳಿನ ಉಡುಪು, ಪಾದ ಮುಚ್ಚುವ ಬೂಟು.
4. ಟಾರ್ಚ್, ಸೀಟಿ, ಮಳೆ ಅಂಗಿ, ಓ.ಆರ್.ಎಸ್. ಪೊಟ್ಟಣ, ಬ್ಯಾಂಡೇಜ್ ಬಟ್ಟೆ ಮತ್ತು ನಿತ್ಯ ಸೇವಿಸುವ ಔಷಧಿಗಳು.
5. ಕಸವನ್ನು ಹಿಂದಕ್ಕೆ ತರಲು ಒಂದು ಬಟ್ಟೆಯ ಚೀಲ.

ಮದ್ಯ, ಬೆಂಕಿಪೊಟ್ಟಣ, ಪಟಾಕಿ, ಧ್ವನಿವರ್ಧಕ, ಆಯುಧ, ಸಾಕುನಾಯಿ ಮತ್ತು ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳನ್ನು ತರಬಾರದು.

ಕಾಡಿನಲ್ಲಿ ನಡೆಯುವ ಕ್ರಮ

ಮಾರ್ಗದರ್ಶಿಯು ಮುಂದೆ, ಹಿರಿಯರೊಬ್ಬರು ಕೊನೆಯಲ್ಲಿ, ಮಕ್ಕಳು ನಡುವೆ ಇರುವಂತೆ ಒಂದೇ ಸಾಲಿನಲ್ಲಿ ನಡೆಯಬೇಕು. ಮಕ್ಕಳು ಓಡಿ ಮುಂದೆ ಹೋಗುವುದಕ್ಕೆ ಅವಕಾಶ ನೀಡಬಾರದು. ಮಲಮೂತ್ರ ವಿಸರ್ಜನೆಗೂ ಮಾರ್ಗದರ್ಶಿಗೆ ತಿಳಿಸದೆ ಪೊದೆಯ ಹಿಂದೆ ಹೋಗಬಾರದು.

ಹಸಿ ಲದ್ದಿ, ಆಗಷ್ಟೇ ಮುರಿದ ಕೊಂಬೆ, ಕೆಸರಿನಲ್ಲಿ ಇನ್ನೂ ನೀರು ತುಂಬದ ಹೆಜ್ಜೆಗುರುತು, ಕೋತಿ ಅಥವಾ ಜಿಂಕೆಗಳ ಎಚ್ಚರಿಕೆಯ ಕೂಗು, ಇವೆಲ್ಲವೂ ಪ್ರಾಣಿ ಸಮೀಪದಲ್ಲಿರುವುದರ ಸೂಚನೆಗಳು. ಇಂತಹ ಸಂದರ್ಭದಲ್ಲಿ ಮಾರ್ಗದರ್ಶಿಯು ‘ನಿಲ್ಲಿ’ ಎಂದರೆ ಕಾರಣ ಕೇಳದೆ ನಿಲ್ಲಬೇಕು. ‘ಹಿಂದಿರುಗೋಣ’ ಎಂದರೆ ಹಿಂದಿರುಗಬೇಕು. ಈ ವಿಷಯದಲ್ಲಿ ಪಾವತಿಸಿದ ಶುಲ್ಕವನ್ನು ಮುಂದಿಟ್ಟು ವಾದಿಸುವುದು ತರವಲ್ಲ.

ವನ್ಯಪ್ರಾಣಿ ಎದುರಾದಲ್ಲಿ

ಆನೆ: ಸದ್ದು ಮಾಡದೆ ನಿಂತು, ಬಂದ ದಾರಿಯಲ್ಲಿಯೇ ಹಿಂದೆ ಸರಿಯಬೇಕು. ತಾಯಿ ಮತ್ತು ಮರಿಯ ನಡುವೆ ಎಂದಿಗೂ ಬರಬಾರದು. ಛಾಯಾಚಿತ್ರಕ್ಕಾಗಿ ನಿಲ್ಲಬಾರದು. ರಸ್ತೆಯಲ್ಲಿ ಆನೆ ಕಂಡರೆ ವಾಹನವನ್ನು ದೂರದಲ್ಲಿ ನಿಲ್ಲಿಸಬೇಕು. ಹಾರ್ನ್ ಮಾಡಬಾರದು, ಕೆಳಗಿಳಿಯಬಾರದು.

ಕರಡಿ: ಹಠಾತ್ತನೆ ಎದುರಾದಾಗ ಕರಡಿಯು ಗಾಬರಿಯಿಂದ ಎರಗುತ್ತದೆ. ಪೊದೆಗಳ ತಿರುವಿನಲ್ಲಿ ಮಾರ್ಗದರ್ಶಿಯು ಸಣ್ಣ ಸದ್ದು ಮಾಡಿ ಮುಂದೆ ಸಾಗುವುದು ಈ ಕಾರಣಕ್ಕೆ. ಹುತ್ತ ಅಗೆದ ಜಾಗ ಮತ್ತು ಬಂಡೆಗಳ ಗವಿಗಳ ಬಳಿ ಹೋಗಬಾರದು.

ಚಿರತೆ ಮತ್ತು ಹುಲಿ: ಓಡಬಾರದು, ಬಗ್ಗಬಾರದು, ಬೆನ್ನು ತೋರಿಸಬಾರದು. ಸಣ್ಣ ಮಕ್ಕಳನ್ನು ಕೂಡಲೇ ಎತ್ತಿಕೊಂಡು, ಎಲ್ಲರೂ ಒಟ್ಟಾಗಿ ನಿಂತು, ಪ್ರಾಣಿಯತ್ತ ಮುಖಮಾಡಿ ನಿಧಾನವಾಗಿ ಹಿಂದೆ ಸರಿಯಬೇಕು.

ಕಾಟಿ: ಒಂಟಿ ಕಾಟಿ ಶಾಂತವಾಗಿ ಮೇಯುತ್ತಿರುವಂತೆ ಕಂಡರೂ ಅದಕ್ಕೆ ದಾರಿ ಬಿಟ್ಟುಕೊಡಬೇಕು.

ಹೆಜ್ಜೇನು: ದೊಡ್ಡ ಮರ ಮತ್ತು ಬಂಡೆಗಳಲ್ಲಿ ಹೆಜ್ಜೇನಿನ ಹಟ್ಟಿಗಳಿರುತ್ತವೆ. ಹೊಗೆ, ಗಾಢ ಸುಗಂಧ ಮತ್ತು ಕಲ್ಲೆಸೆತ ಇವುಗಳನ್ನು ಕೆರಳಿಸುತ್ತವೆ. ಜೇನು ಎದ್ದಲ್ಲಿ ಮುಖ ಮುಚ್ಚಿಕೊಂಡು ಆ ಸ್ಥಳದಿಂದ ಬೇಗನೆ ದೂರ ಸರಿಯಬೇಕು.

ಕೋತಿ: ಆಹಾರ ನೀಡಬಾರದು. ಆಹಾರ ಕೊಟ್ಟು ರೂಢಿ ಮಾಡಿಸಿದ ಕೋತಿಗಳು ನಂತರ ಬರುವ ಕುಟುಂಬದ ಮಗುವಿನ ಮೇಲೆ ಎರಗುತ್ತವೆ.

ಪ್ರಥಮ ಚಿಕಿತ್ಸೆ ಮತ್ತು ತುರ್ತು ಸಂಪರ್ಕ

ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯುವುದಾಗಲೀ, ಬಾಯಿಂದ ಹೀರುವುದಾಗಲೀ, ಬಿಗಿಯಾಗಿ ಕಟ್ಟುವುದಾಗಲೀ ಮಾಡಬಾರದು. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡದಂತೆ ಇರಿಸಿ, ವ್ಯಕ್ತಿಯನ್ನು ನಡೆಸದೆ ಎತ್ತಿಕೊಂಡು, ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಶೀಘ್ರವಾಗಿ ತಲುಪಿಸಬೇಕು. ಹಾವು ಕಡಿತವನ್ನು ಕರ್ನಾಟಕ ಸರ್ಕಾರವು 2024ರಲ್ಲಿ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ಕೋತಿ ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗಾಗಿ ವೈದ್ಯರನ್ನು ಕಾಣಬೇಕು. ಬೇಸಿಗೆಯಲ್ಲಿ ಕಾಡಿನಿಂದ ಹಿಂದಿರುಗಿದವರು ಮೈಮೇಲೆ ಉಣ್ಣೆಗಳಿವೆಯೇ ಎಂದು ನೋಡಿಕೊಳ್ಳಬೇಕು. ಮುಂದಿನ ದಿನಗಳಲ್ಲಿ ತೀವ್ರ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯು 2012ರಲ್ಲಿ ಇದೇ ಜಿಲ್ಲೆಯ ಬಂಡೀಪುರ ಭಾಗದಲ್ಲಿಯೂ ಕಾಣಿಸಿಕೊಂಡಿತ್ತು.

ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108, ಅರಣ್ಯ ಸಹಾಯವಾಣಿಗೆ 1926 ಸಂಖ್ಯೆಗಳಿಗೆ ಕರೆ ಮಾಡಬಹುದು. ಕಾಡಿನ ಹೆಚ್ಚಿನ ಭಾಗದಲ್ಲಿ ಮೊಬೈಲ್ ಸಂಪರ್ಕವಿಲ್ಲ. ಆದ್ದರಿಂದ ಹೋಗುವ ಮಾರ್ಗ ಮತ್ತು ಹಿಂದಿರುಗುವ ಸಮಯವನ್ನು ಮನೆಯಲ್ಲಿರುವ ಒಬ್ಬರಿಗೆ ಬರೆದುಕೊಟ್ಟು ಬರಬೇಕು.

ಸೋಲಿಗರು ಮತ್ತು ಕಾಡು

ಈ ಬೆಟ್ಟಗಳು ಸೋಲಿಗ ಸಮುದಾಯದವರ ಮನೆ. ಬಿಳಿಗಿರಿರಂಗನನ್ನು ಅವರು ‘ರಂಗಭಾವ’ನೆಂದು ಕರೆಯುತ್ತಾರೆ. ತಮ್ಮ ಕುಲದ ಹೆಣ್ಣುಮಗಳನ್ನು ವರಿಸಿದ ದೇವರು ಎಂಬ ನಂಟಿನಿಂದ ಬಂದ ಹೆಸರದು. ಅರಣ್ಯ ಹಕ್ಕುಗಳ ಮಾನ್ಯತೆ ಅಧಿನಿಯಮ, 2006ರಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳನ್ನು ನೀಡಲಾಯಿತು. ಜೇನು, ನೆಲ್ಲಿಕಾಯಿ, ಪಾಚಿ ಮೊದಲಾದ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವುದು ಅವರ ಹಕ್ಕು.

ಅರಣ್ಯ ವೀಕ್ಷಕರಾಗಿ ಮತ್ತು ಮಾರ್ಗದರ್ಶಿಗಳಾಗಿ ಕೆಲಸ ಮಾಡುವ ಸೋಲಿಗರಿಗೆ ಕಾಡಿನ ಸದ್ದು, ವಾಸನೆ ಮತ್ತು ಜಾಡುಗಳ ಅರಿವು ತಲೆಮಾರುಗಳಿಂದ ಬಂದಿದೆ. ಕುಟುಂಬದ ಸುರಕ್ಷತೆಯು ಬಹುಪಾಲು ಈ ಅರಿವಿನ ಮೇಲೆಯೇ ನಿಂತಿದೆ. ಅವರನ್ನು ಗೌರವದಿಂದ ಸಂಬೋಧಿಸಬೇಕು. ಪೋಡುಗಳಿಗೆ ಆಹ್ವಾನವಿಲ್ಲದೆ ನುಗ್ಗುವುದು, ಒಪ್ಪಿಗೆಯಿಲ್ಲದೆ ಮನೆ, ಮಕ್ಕಳು ಮತ್ತು ಪೂಜಾಸ್ಥಳಗಳ ಛಾಯಾಚಿತ್ರ ತೆಗೆಯುವುದು ಸಲ್ಲದು.

ಕಾನೂನಿನ ನಿಷೇಧಗಳು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮದಂತೆ ವನ್ಯಜೀವಿಧಾಮದಲ್ಲಿ ಪ್ರಾಣಿಗಳನ್ನು ಕೆಣಕುವುದು ಮತ್ತು ಕಸ ಹಾಕುವುದು (ಪ್ರಕರಣ 27), ಅನುಮತಿಯಿಲ್ಲದೆ ಅರಣ್ಯ ಉತ್ಪನ್ನವನ್ನು ತೆಗೆಯುವುದು (ಪ್ರಕರಣ 29), ಬೆಂಕಿ ಹಚ್ಚುವುದು (ಪ್ರಕರಣ 30) ಮತ್ತು ಅನುಮತಿಯಿಲ್ಲದೆ ಆಯುಧದೊಂದಿಗೆ ಪ್ರವೇಶಿಸುವುದು (ಪ್ರಕರಣ 31) ನಿಷಿದ್ಧ. ಉಲ್ಲಂಘಿಸಿದವರು ಪ್ರಕರಣ 51ರಡಿ ಜೈಲುವಾಸ ಮತ್ತು ದಂಡನೆಗೆ ಗುರಿಯಾಗುತ್ತಾರೆ. 2022ರ ತಿದ್ದುಪಡಿಯಲ್ಲಿ ದಂಡದ ಮೊತ್ತವನ್ನು ಹೆಚ್ಚಿಸಲಾಗಿದೆ.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ವಿಷಪ್ರಾಶನದಿಂದ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತವು. ಮಾದಪ್ಪನ ವಾಹನವೆಂದು ಜನರು ಪೂಜಿಸುವ ಹುಲಿಗೆ ಅವನ ಬೆಟ್ಟದಲ್ಲಿಯೇ ಒದಗಿದ ಈ ಸಾವು ಇಡೀ ರಾಜ್ಯಕ್ಕೆ ನೋವುಂಟುಮಾಡಿತು. ಹಾದಿಯಲ್ಲಿ ಸತ್ತ ದನ, ಸತ್ತ ವನ್ಯಪ್ರಾಣಿ, ಉರುಳು ಅಥವಾ ಅನುಮಾನಾಸ್ಪದ ವಸ್ತು ಕಂಡಲ್ಲಿ ಮುಟ್ಟದೆ, ಸ್ಥಳವನ್ನು ಗುರುತಿಟ್ಟುಕೊಂಡು ಸಮೀಪದ ಸಿಬ್ಬಂದಿಗೆ ಅಥವಾ 1926ಕ್ಕೆ ಕೂಡಲೇ ತಿಳಿಸಬೇಕೆಂದು ಕೋರಲಾಗಿದೆ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ಥಳೀಯ ನೆಂಟರು ಜೊತೆಗಿದ್ದರೆ ಅನುಮತಿ ಬೇಕೇ?
ಉತ್ತರ: ಬೇಕು. ಕಾಡಿನೊಳಗಿನ ನಿವಾಸಿಗಳಿಗೆ ಇರುವ ವಿನಾಯಿತಿ ಅವರ ಅತಿಥಿಗಳ ಚಾರಣಕ್ಕೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಹಾದಿಯಲ್ಲಿ ಬಿದ್ದ ನೆಲ್ಲಿಕಾಯಿಯನ್ನು ಆರಿಸಿಕೊಳ್ಳಬಹುದೇ?
ಉತ್ತರ: ಇಲ್ಲ. ಅದು ಕಡವೆ, ಜಿಂಕೆಗಳ ಆಹಾರ ಮತ್ತು ಸೋಲಿಗರ ಜೀವನಾಧಾರ. ಅನುಮತಿಯಿಲ್ಲದೆ ಒಯ್ಯುವುದು ಕಾನೂನಿಗೂ ವಿರುದ್ಧ. ಬೇಕಾದವರು ಸೋಲಿಗರ ಸಂಘಗಳು ಮಾರುವ ಜೇನು ಮತ್ತು ನೆಲ್ಲಿಯ ಉತ್ಪನ್ನಗಳನ್ನು ಕೊಳ್ಳಬಹುದು.

ಪ್ರಶ್ನೆ: ಡ್ರೋನ್ ಹಾರಿಸಬಹುದೇ?
ಉತ್ತರ: ಪೂರ್ವಾನುಮತಿಯಿಲ್ಲದೆ ಹಾರಿಸುವಂತಿಲ್ಲ. ಚಾರಣದ ಟಿಕೆಟ್ ಡ್ರೋನ್‌ಗೆ ಅನುಮತಿಯಾಗುವುದಿಲ್ಲ.

ಪ್ರಶ್ನೆ: ಗರ್ಭಿಣಿಯರು, ಹೃದ್ರೋಗಿಗಳು ಭಾಗವಹಿಸಬಹುದೇ?
ಉತ್ತರ: ವೈದ್ಯರ ಸಲಹೆಯಿಲ್ಲದೆ ಬೇಡ. ಕಾಡಿನ ಒಳಗಿನಿಂದ ಆಸ್ಪತ್ರೆಗೆ ತಲುಪಲು ಹಲವು ಗಂಟೆಗಳು ಹಿಡಿಯಬಹುದು.

ಪ್ರಶ್ನೆ: ಪ್ರಾಣಿಗಳು ಕಾಣದಿದ್ದಲ್ಲಿ ಶುಲ್ಕ ಮರಳಿಸಲಾಗುವುದೇ?
ಉತ್ತರ: ಇಲ್ಲ. ಚಾರಣದ ಶುಲ್ಕವು ಪ್ರಾಣಿದರ್ಶನದ ಭರವಸೆಯಲ್ಲ. ಕಾಲ್ನಡಿಗೆಯಲ್ಲಿ ದೊಡ್ಡ ಪ್ರಾಣಿಗಳು ಎದುರಾಗದೆ ಹಿಂದಿರುಗುವುದೇ ಉತ್ತಮ ಚಾರಣ. ಕೆಂದಳಿಲು, ಹಕ್ಕಿಗಳು, ಹೆಜ್ಜೆಗುರುತುಗಳು ಮತ್ತು ಮರಗಳನ್ನು ಮಾರ್ಗದರ್ಶಿಯಿಂದ ಕೇಳಿ ತಿಳಿಯುವುದು ಮಕ್ಕಳಿಗೆ ಸಾಕಷ್ಟು ಕಲಿಕೆಯಾಗುತ್ತದೆ.

ಹೊರಡುವ ಮುನ್ನ ಪರಿಶೀಲಿಸಿಕೊಳ್ಳಿ

1. ಟಿಕೆಟ್‌ನ ಮುದ್ರಿತ ಪ್ರತಿ ಮತ್ತು ಗುರುತಿನ ಚೀಟಿ ಇವೆಯೇ?
2. ಮಾರ್ಗ ಇಂದು ತೆರೆದಿದೆಯೇ?
3. ಹಿಂದಿರುಗುವ ಗಂಟೆ ನಿಗದಿಯಾಗಿದೆಯೇ, ಮಕ್ಕಳಿಗೆ ತಿಳಿಸಲಾಗಿದೆಯೇ?
4. ಮನೆಯಲ್ಲಿರುವವರಿಗೆ ಮಾರ್ಗದ ವಿವರ ಕೊಡಲಾಗಿದೆಯೇ?
5. ನೀರು, ಔಷಧಿ, ಟಾರ್ಚ್ ಹಾಗೂ ಕಸದ ಚೀಲ ಇವೆಯೇ?

ಈ ಐದಕ್ಕೂ ‘ಹೌದು’ ಎಂಬ ಉತ್ತರವಿದ್ದಲ್ಲಿ ಮಾತ್ರ ಹೊರಡುವುದು. ಶುಲ್ಕ, ಸಮಯ ಮತ್ತು ಷರತ್ತುಗಳು ಕಾಲಕಾಲಕ್ಕೆ ಬದಲಾಗುವುದರಿಂದ ಬುಕಿಂಗ್ ಸಮಯದಲ್ಲಿ ಜಾಲತಾಣದಲ್ಲಿ ಪ್ರಕಟವಾಗಿರುವ ವಿವರವೇ ಅಂತಿಮವೆಂದು ಪರಿಗಣಿಸತಕ್ಕದ್ದು.